ಒಂಬತ್ತು ಮಳೆಗಾಲ ನಿಂತ ಗಾಡಿ

ನಮ್ಮ ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಗೆ ನಾನು ಹೋಗುವುದೇ ಕಡಿಮೆ. ಹೋದರೂ ಬಾಗಿಲ ಬುಡದಲ್ಲಿರುವ ನಾಲ್ಕು ತೆಂಗಿನ ಸಿಪ್ಪೆ ಹೆಕ್ಕಿಕೊಂಡು, ಮೂಲೆಯ ಕಡೆ ಕಣ್ಣು ಹಾಯಿಸದೆ, ಹೊರಗಿನಿಂದ ಯಾರೋ ಕರೆದರೇನೋ ಎಂಬಂತೆ ಬಂದುಬಿಡುತ್ತಿದ್ದೆ. ಮೂಲೆಯಲ್ಲಿ ಹಾವೇನೂ ಇರಲಿಲ್ಲ. ಇದ್ದರೂ ಇದ್ದೀತು, ತೋಡೂರಿನಲ್ಲಿ ಹಾವು ಮಾತಾಡುವಂಥ ವಿಷಯವಲ್ಲ. ಅಲ್ಲಿದ್ದದ್ದು ನನ್ನ ಮೋಟಾರ್ ಸೈಕಲ್ಲು. ಎರಡು ಗೋಣಿಚೀಲ, ಒಂದು ಹರಿದ ತಾಡಪಾಲು, ಅದರ ಮೇಲೊಂದು ಹಳೆಯ ಚಾಪೆ ಹೊದ್ದುಕೊಂಡು ಅದು ಒಂಬತ್ತು ಮಳೆಗಾಲ ಕಳೆದಿತ್ತು. ಜ್ವರ ಬಂದವರಿಗೆ ಹೊದೆಸಿದ ಹಾಗೆ ನಾನೇ ಹೊದೆಸಿದ್ದೆ. ಜ್ವರದವರನ್ನಾದರೆ ದಿನಕ್ಕೊಮ್ಮೆಯಾದರೂ ಹಣೆ ಮುಟ್ಟಿ ನೋಡುತ್ತಾರೆ. ನಾನು ಅದನ್ನೂ ಮಾಡಲಿಲ್ಲ.

ಹೋದ ಜೂನಿನಲ್ಲಿ, ಮಳೆ ಸ್ವಲ್ಪ ಹೊಳವು ಕೊಟ್ಟ ಒಂದು ಬೆಳಿಗ್ಗೆ, ಗುಜರಿಯವನೊಬ್ಬ ಮೂರು ಚಕ್ರದ ಗಾಡಿ ತಂದು ನಮ್ಮ ಗೇಟಿನ ಎದುರು ನಿಲ್ಲಿಸಿದ. ಹಳೇ ಕಬ್ಬಿಣ, ಹಳೇ ಬ್ಯಾಟರಿ ಎಂದು ಮೈಕಿನಲ್ಲಿ ಕೂಗಿಸಿಕೊಂಡು ಬರುವವರ ಕಣ್ಣು ಬಹಳ ಚುರುಕು. ಹಿತ್ತಿಲಿನ ಕೊಟ್ಟಿಗೆಯ ಚಾಪೆಯ ಕೆಳಗಿಂದ ಇಣುಕುತ್ತಿದ್ದ ಹ್ಯಾಂಡಲ್ಲಿನ ತುದಿ ಅವನಿಗೆ ರಸ್ತೆಯಿಂದಲೇ ಕಂಡಿತ್ತು.

"ಆ ಬೈಕು ಕೊಡ್ತೀರಾ ಸಾರ್?"

ಕೊಡುತ್ತೇನೆ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಸುಳ್ಳು ಯಾಕೆ, ಮೈಮೇಲಿನ ಭಾರ ಯಾರೋ ಬಂದು ಇಳಿಸಿಕೊಂಡು ಹೋಗುತ್ತೇನೆ ಅಂದ ಹಾಗೆ ಆಯಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ಹೆಜ್ಜೆ ಕೇಳಿತು. ಸುಮನಳ ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಒಂದು ಗಟ್ಟಿ, ಒಂದು ಹಗುರ. ಜಗುಲಿಯ ಕಂಬ ಹಿಡಿದು ನಿಂತು ಅವಳು ನನ್ನನ್ನು ಕೇಳಲಿಲ್ಲ, ಸೀದಾ ಅವನಿಗೇ ಹೇಳಿದಳು.

"ಕೊಡೂದಿಲ್ಲ. ಅದು ಚಾಲೂ ಆಗೂ ಗಾಡಿ."

ಗುಜರಿಯವನು ನಕ್ಕ. ಅವನು ನಕ್ಕದ್ದರಲ್ಲಿ ತಪ್ಪಿಲ್ಲ. ಅವನು ಹೋದ ಮೇಲೆ ನಾನು ಕೇಳಿದೆ: "ಯಾರು ಚಾಲೂ ಮಾಡೂದು?"

"ಓಡಿಸ್ತಿದ್ದವರು ಯಾರು? ಅವರೇ," ಅಂದು ಅವಳು ಒಳಗೆ ಹೋದಳು. ಒಂದು ಗಟ್ಟಿ, ಒಂದು ಹಗುರ.

ಅವಳ ಕಾಲು ಹಾಗಾದದ್ದು ಅದೇ ಗಾಡಿಯಿಂದ. ಅದನ್ನು ಹೇಳುವ ಮೊದಲು ಸ್ವಲ್ಪ ಸುತ್ತಿ ಬರುತ್ತೇನೆ. ನೇರ ಹೇಳುವ ಧೈರ್ಯ ನನಗೆ ಮೊದಲಿಂದಲೂ ಕಮ್ಮಿ.

ನಾನು ಮೊದಲು ಮುಟ್ಟಿದ ಮೋಟಾರ್ ಸೈಕಲ್ಲು ನನ್ನನ್ನು ಸುಟ್ಟಿತು. ಆಗ ನನಗೆ ಏಳು ವರ್ಷವಿರಬೇಕು. ನಮ್ಮೂರಿಗೆ ಚುಚ್ಚುಮದ್ದು ಕೊಡುವ ಒಬ್ಬರು ಡಾಕ್ಟರು ಕಾರವಾರದಿಂದ ಗಾಡಿಯ ಮೇಲೆ ಬರುತ್ತಿದ್ದರು. ಅವರು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಮನೆಯೊಳಗೆ ಹೋದರೆಂದರೆ ನಾವು ಐದಾರು ಮಕ್ಕಳು ಅದರ ಸುತ್ತ ಕೂತು ಪೆಟ್ರೋಲಿನ ವಾಸನೆ ಎಳೆದುಕೊಳ್ಳುತ್ತಿದ್ದೆವು. ಒಳಗೆ ಇನ್ನೂ ಟಿಕ್ ಟಿಕ್ ಅನ್ನುತ್ತದೆ, ಹೃದಯ ಇರಬೇಕು ಎಂದು ಯಾರೋ ಅಂದರು. ಕೇಳೋಣವೆಂದು ನಾನು ಸೈಲೆನ್ಸರಿಗೆ ಕಿವಿ ಕೊಡಲು ಹೋದೆ. ಪುಣ್ಯಕ್ಕೆ ಕಿವಿಗಿಂತ ಮೊದಲು ಮೀನಖಂಡ ತಾಗಿತು. ಆ ಕಲೆ ಇನ್ನೂ ಇದೆ, ಉದ್ದಕ್ಕೆ, ಒಣಗಿದ ಬೂತಾಯಿ ಮೀನಿನ ಹಾಗೆ. ಅಮ್ಮ ತೆಂಗಿನೆಣ್ಣೆ ಹಚ್ಚುತ್ತ ಬೈದಳು, ಡಾಕ್ಟರು ಬಂದ ಕೆಲಸದ ಜೊತೆಗೆ ನನಗೂ ಒಂದು ಸೂಜಿ ಚುಚ್ಚಿ ಹೋದರು.

ದೊಡ್ಡವನಾದ ಮೇಲೆ ನಾನೂ ಚುಚ್ಚುವ ಕೆಲಸಕ್ಕೇ ಸೇರಿದೆ. ಆರೋಗ್ಯ ಇಲಾಖೆಯಲ್ಲಿ ಕಿರಿಯ ಸಹಾಯಕ. ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಬಂದು ಮಲೇರಿಯಾ ಪರೀಕ್ಷೆಗೆ ಕೊಡುವುದು. ಮೊದಲ ಐದಾರು ವರ್ಷ ನಡೆದೆ. ಆಮೇಲೆ ಈ ನೂರು ಸಿಸಿ ಗಾಡಿ ತೆಗೆದುಕೊಂಡೆ. ಅಂಕೋಲೆಯಿಂದ ಅಗಸೂರಿನ ತನಕ ಎಲ್ಲ ಕೇರಿಯಲ್ಲೂ ನನ್ನ ಹೆಸರು 'ರಗತದ ಮಾಸ್ತರ್ರು'. ಗಾಡಿಯ ಸದ್ದು ಕೇಳಿದರೆ ಮಕ್ಕಳು ಗೇರುಮರ ಹತ್ತುತ್ತಿದ್ದವು. ತಾಯಂದಿರು ಊಟ ಮಾಡದ ಮಗುವಿಗೆ "ಅಕೋ, ಗಾಡಿ ಬಂತು," ಅನ್ನುತ್ತಿದ್ದರಂತೆ. ಹುಲಿ ಕರಡಿಗಳಿಗೆ ಸಿಗುವ ಮರ್ಯಾದೆ ನನಗೆ ಸಿಕ್ಕಿತ್ತು. ಅದೇ ಗಾಡಿಯ ಹಿಂದೆ ರವಿವಾರದಲ್ಲಿ ಸುಮನ ಕೂರುತ್ತಿದ್ದಳು. ತೋಡೂರಿನಿಂದ ಕಿನ್ನರದಲ್ಲಿರುವ ಅವಳ ತವರಿಗೆ, ಅಗಸೂರಿನಲ್ಲಿರುವ ಅವಳ ಅಕ್ಕ ಶೀಲಕ್ಕನ ಮನೆಗೆ, ಕಾರವಾರದ ಪೇಟೆಗೆ. ಅವಳು ಆಗ ನಮ್ಮೂರ ಅಂಗನವಾಡಿಯ ಅಕ್ಕೋರು. ವಾರವೆಲ್ಲ ಮಕ್ಕಳೊಂದಿಗೆ ನೆಲದ ಮೇಲೆ ಕೂತು ಕಳೆದವಳಿಗೆ ರವಿವಾರ ಗಾಳಿಗೆ ಮುಖ ಕೊಟ್ಟು ಹೋಗುವುದೆಂದರೆ ಬಹಳ ಖುಷಿ. ಹಿಂದಿನಿಂದ ಒಂದೇ ಸಮನೆ ಮಾತಾಡುತ್ತಿದ್ದಳು. ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ನಾನು ಹೂಂ ಅನ್ನುತ್ತಿದ್ದೆ.

ಇನ್ನು ಸುತ್ತುವುದಕ್ಕೆ ದಾರಿಯಿಲ್ಲ. ಒಂಬತ್ತು ವರ್ಷದ ಹಿಂದೆ, ಶೀಲಕ್ಕನ ಮನೆಯಿಂದ ಮರಳಿ ಬರುವಾಗ, ಅವರ್ಸಾದ ಹತ್ತಿರ ನಾವು ಬಿದ್ದೆವು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಮೇಲಿಂದ ಸಣ್ಣ ಮಳೆ, ರಸ್ತೆಯ ಮೇಲೆ ಕೆಂಪು ಕೆಸರು. ಹಿಂದಿನ ಚಕ್ರ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೇ. ಸುಮನಳ ಎಡಗಾಲಿನ ಮೇಲೆ ಗಾಡಿ ಬಿತ್ತು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಒಳಗೆ ರಾಡು ಹಾಕಿದರು. ಕಾಲು ಕೂಡಿತು, ಆದರೆ ಮತ್ತೆ ಪೂರ್ತಿ ಮಡಚಲಿಲ್ಲ. ಆಮೇಲೆ ಅವಳು ಅಂಗನವಾಡಿಯಲ್ಲಿ ನೆಲದ ಮೇಲೆ ಕೂರಲಾಗದೆ ಕುರ್ಚಿಯ ಮೇಲೆ ಕೂತಳು. ಮೊದಲ ದಿನ ಒಂದು ಮಗು ಕತ್ತೆತ್ತಿ ನೋಡಿ, "ಅಕ್ಕೋರು ದೂರ ಹೋದ್ರು," ಅಂದಿತಂತೆ. ಅದನ್ನು ಅವಳು ನಗುತ್ತಲೇ ಹೇಳಿದಳು. ನಾನು ನಗಲಿಲ್ಲ.

ನೋಡಲು ಬಂದವರೆಲ್ಲ ರಸ್ತೆಯನ್ನು ಬೈದರು. ಕೆಸರನ್ನು ಬೈದರು, ಮಳೆಯನ್ನು ಬೈದರು. ನಾನೂ ತಲೆ ಅಲ್ಲಾಡಿಸಿದೆ. ಆದರೆ ಬೀಳುವ ಎರಡು ವಾರ ಮೊದಲು ಅಂಕೋಲೆಯಲ್ಲಿ ಪಂಕ್ಚರ್ ಹಾಕುವವ ನನಗೆ ಹೇಳಿದ್ದ: "ಹಿಂದಿನ ಟಾಯರು ಮುಗೀತು ಮಾಸ್ತರ್ರೆ, ಮಳೆ ಬರೂದರೊಳಗೆ ಬದಲ್ಸಿ." ಬದಲಿಸುವಾ, ಬರುವ ವಾರ ಅಂದಿದ್ದೆ. ಬರುವ ವಾರ ಬಂತು, ಹೋಯಿತು. ಕಾರಣವೇನೂ ಇರಲಿಲ್ಲ. ಬರೀ ಉದಾಸೀನ. ಊರಿನವರಿಗೆಲ್ಲ ನೀರು ಮುಚ್ಚಿಡಿ, ಸೊಳ್ಳೆ ಪರದೆ ಕಟ್ಟಿ, ಇವತ್ತೇ ಮಾಡಿ, ನಾಳೆ ಅನ್ನಬೇಡಿ ಎಂದು ಹೇಳಿಕೊಂಡು ತಿರುಗುವುದೇ ನನ್ನ ಉದ್ಯೋಗವಾಗಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ, ಇನ್ನು ಜನ್ಮದಲ್ಲಿ ಓಡಿಸುವುದಿಲ್ಲ ಎಂದು ಒಳಗೊಳಗೇ ಗಟ್ಟಿ ಮಾಡಿಕೊಂಡೆ. ನಿವೃತ್ತಿಯವರೆಗೆ ಏಳು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಓಡಾಡಿದೆ. ಬಸ್ಸು ಅವರ್ಸಾ ದಾಟುವಾಗ ಪ್ರತಿಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದವರು ನಿದ್ದೆ ಎಂದುಕೊಳ್ಳುತ್ತಿದ್ದರು. ಈಗ ಹೇಳಲು ನಾಚಿಕೆಯಾಗುತ್ತದೆ, ಆ ಜೋತಾಡುವಿಕೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ದೊಡ್ಡ ವ್ರತ ಹಿಡಿದವನ ಹಾಗೆ.

ಗುಜರಿಯವನು ಬಂದು ಹೋದ ಮೇಲೆ, ಸುಮನ ಅಂದದ್ದು ಮನಸ್ಸಿನಿಂದ ಹೋಗದೆ, ಗಾಡಿ ರಿಪೇರಿ ಮಾಡಿಸಲು ಪೇಟೆಯ ಗ್ಯಾರೇಜಿನವರನ್ನು ಕೇಳಿದೆ. ಎಷ್ಟು ವರ್ಷ ನಿಂತಿದೆ ಎಂದು ಕೇಳಿದವರು ಉತ್ತರ ಕೇಳಿ ಬೇರೆ ಕೆಲಸಕ್ಕೆ ತಿರುಗಿಕೊಂಡರು. ಕೊನೆಗೆ ಬಂದವನು ದಾಮು. ದಾಮು ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವನು, ನನ್ನದೇ ವಯಸ್ಸು, ಮೀನುಗಾರರ ಮನೆಯವನು. ನೌಕಾನೆಲೆಗೆ ಜಾಗ ಹೋದ ಮೇಲೆ ಸಮುದ್ರದ ಅಂಚಿನಿಂದ ಎದ್ದು ಇಲ್ಲಿ ಬಂದು ಮನೆ ಕಟ್ಟಿಕೊಂಡವನು. ಬೇಲೆಕೇರಿಯಲ್ಲಿ ದೋಣಿಯ ಇಂಜಿನ್ನು ರಿಪೇರಿ ಮಾಡುತ್ತಾನೆ. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾದಾಗ ಅವನ ಕೈಗೆ ಕೆಲಸವಿರುವುದಿಲ್ಲ, ಕೆಲಸವಿಲ್ಲದ ಕೈಯನ್ನು ಎಲ್ಲಿಡುವುದೆಂದು ಅವನಿಗೆ ಗೊತ್ತಾಗುವುದಿಲ್ಲ.

ಚಾಪೆ, ತಾಡಪಾಲು, ಗೋಣಿ ಒಂದೊಂದಾಗಿ ತೆಗೆದು ಅವನು ಬಗ್ಗಿ ನೋಡಿದ. ನಾನೂ ನೋಡಿದೆ. ಗಾಳಿ ಹೋಗಿ ಚಕ್ರಗಳು ನೆಲಕ್ಕೆ ಚಪ್ಪಟೆಯಾಗಿ ಕೂತಿದ್ದವು. ಚೈನು ತುಕ್ಕು ಹಿಡಿದು ಕಡ್ಡಿಯಾಗಿತ್ತು. ಸೀಟಿನೊಳಗೆ ಇಲಿ ಸಂಸಾರ ಮಾಡಿ ಹೋಗಿತ್ತು. ಸೈಲೆನ್ಸರಿನ ಬಾಯಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಮೆತ್ತಿತ್ತು.

"ಸತ್ತದ್ಯಾ?" ಅಂದೆ.

"ಸಮುದ್ರದಲ್ಲಿ ಮುಳುಗಿದ ಇಂಜಿನ್ನು ಎತ್ತಿ ಚಾಲೂ ಮಾಡಿದೆ ನಾನು. ಇದು ಬರೀ ಉಪ್ಪು ಗಾಳಿ ತಿಂದದೆ," ಅಂದ ದಾಮು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಪೆಟ್ರೋಲ್ ಅಲ್ಲ ಇದು, ವಾರ್ನಿಶ್. ಬಾಗಿಲಿಗೆ ಹಚ್ಚೂಕೆ ಅಡ್ಡಿಲ್ಲ."

ಹೊರಗೆ ಮಳೆ ಸುರಿಯುತ್ತಿತ್ತು, ನಾವಿಬ್ಬರು ಮುದುಕರು ಕಟ್ಟಿಗೆ ಕೊಟ್ಟಿಗೆಯಲ್ಲಿ ಮಣೆ ಹಾಕಿಕೊಂಡು ಕೂತೆವು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಅವನಿಗೆ ಸೊಂಟ, ನನಗೆ ಮೊಣಕಾಲು. ಒಂದು ಬೋಲ್ಟು ಬಿಚ್ಚಲು ಒಂದು ಬೆಳಿಗ್ಗೆ. ತುಕ್ಕಿಗೆ ಎಣ್ಣೆ ಬಿಟ್ಟು ಅದು ಇಳಿಯುವ ತನಕ ಕಾಯುವುದು, ಆಮೇಲೆ ತಿರುವಿದರೆ ಅದು ಅಲ್ಲಾಡದು, ಮತ್ತೆ ಎಣ್ಣೆ, ಮತ್ತೆ ಕಾಯುವುದು. ಇಂಜಿನ್ನಿನೊಳಗೆ ಪಿಸ್ಟನ್ನು ಕಚ್ಚಿಕೊಂಡಿತ್ತು. ಪ್ಲಗ್ಗು ತೆಗೆದು ಆ ತೂತಿನಲ್ಲಿ ದಾಮು ಡೀಸೆಲ್ಲು ಬೆರೆಸಿದ ಎಣ್ಣೆ ಹೊಯ್ದ.

"ಕುಡೀಲಿ. ಅದಕ್ಕೆ ಬೇಕಾದಾಗ ಅದು ಬಿಡ್ತದೆ. ನೀವು ದಿನಾ ಕಿಕ್ಕರನ್ನ ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಕಾಲು ಕೊಡಬೇಡಿ, ಜಗಳ ಮಾಡಬೇಡಿ."

ದಿನಾ ಬೆಳಿಗ್ಗೆ ಚಾ ಕುಡಿದು ಹೋಗಿ ಒತ್ತಿದೆ. ಗೋಡೆಯನ್ನು ಒತ್ತಿದ ಹಾಗಿತ್ತು. ಐದನೆಯ ದಿನ ಬೆರಳಗಲ ಇಳಿಯಿತು. ಎಷ್ಟೋ ದಿನ ಮಲಗಿದ ರೋಗಿ ಒಂದು ಚಮಚ ಗಂಜಿ ನುಂಗಿದಾಗ ಮನೆಯವರ ಮುಖ ಹೇಗಾಗುತ್ತದೆಂದು ನಾನು ಕೆಲಸದಲ್ಲಿದ್ದಾಗ ಬಹಳ ಸಲ ನೋಡಿದ್ದೆ. ಅವತ್ತು ನನ್ನ ಮುಖ ಹಾಗಾಗಿರಬೇಕು. ಯಾರೂ ನೋಡಲಿಲ್ಲ ಅಂದುಕೊಂಡೆ. ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಸುಮನ ನಿಂತಿದ್ದಳು.

ಹಿಂದಿನ ಚಕ್ರ ಬಿಚ್ಚಿದ ದಿನ ಮಾತ್ರ ನಾನು ಏನಾದರೂ ನೆಪ ತೆಗೆದು ಪೇಟೆಗೆ ಹೋಗಬೇಕಿತ್ತು. ಹೋಗಲಿಲ್ಲ. ದಾಮು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಟಾಯರಿನ ಮೇಲೆ ಕೈಯಾಡಿಸಿದ. ಸುಮನ ಎರಡು ಲೋಟ ಚಾ ಹಿಡಿದುಕೊಂಡು ಅದೇ ಹೊತ್ತಿಗೆ ಬಂದಳು.

"ಮಾಸ್ತರ್ರೆ, ಇದರಲ್ಲಿ ಓಡಿಸ್ತಿದ್ರಾ ನೀವು? ತೊರಕೆ ಮೀನಿನ ಬೆನ್ನಿನ ಹಾಗೆ ಅದೆ. ಕೈ ಜಾರ್ತದೆ."

"ನಿಂತು ನಿಂತು ಸವೆದಿರಬೇಕು," ಅಂದೆ.

ದಾಮು ಕಪಟವಿಲ್ಲದ ಮನುಷ್ಯ. ಇಂಜಿನ್ನಿನ ವಿಷಯದಲ್ಲಿ ಸುಳ್ಳು ಅವನ ಕಿವಿಗೆ ಹೋಗುವುದೇ ಇಲ್ಲ. "ನಿಂತ ಟಾಯರು ಒಡೀತದೆ ಮಾಸ್ತರ್ರೆ. ಸವೆಯೂದಿಲ್ಲ," ಅಂದ.

ಸುಮನ ಲೋಟಗಳನ್ನು ಕಟ್ಟಿಗೆಯ ರಾಶಿಯ ಮೇಲಿಟ್ಟಳು. ಏನೋ ಎಡವಟ್ಟಾಯಿತೆಂದು ದಾಮುವಿಗೆ ಆಗ ಹೊಳೆಯಿತು. ಕೈಯಲ್ಲೇ ಇದ್ದ ಬೋಲ್ಟು ಬಿಚ್ಚುವ ಪಾನಾವನ್ನು ಅವನು ನೆಲದಲ್ಲೆಲ್ಲ ಹುಡುಕತೊಡಗಿದ.

"ನಂಗೆ ಗೊತ್ತದೆ," ಅಂದಳು ಸುಮನ.

"ಎಂತದು?"

"ಟಾಯರು. ಅವತ್ತೇ ಗೊತ್ತು. ಬಿದ್ದ ಗಾಡಿ ಎತ್ತಿ ತಂದದ್ದು ಅಕ್ಕನ ಗಂಡ ಅಲ್ಲವಾ? ಅವರು ಆಸ್ಪತ್ರೆಲೇ ಹೇಳಿದ್ರು."

"ಮತ್ತೆ ನೀನು ಒಂದು ಮಾತೂ ಕೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬಹಳ ದಿನ ಹೊತ್ತ ಕೊಡವನ್ನು ಇಳಿಸಿಟ್ಟವರ ದನಿ ಅದು. ದಾಮು ಎದ್ದು ಹೋಗಲು ನೋಡಿದ. ಸೊಂಟ ಬಿಡಲಿಲ್ಲ.

"ಕೂತ್ಕ ದಾಮು. ಗುಟ್ಟಿನ ಮಾತೆಂತದೂ ಇಲ್ಲ," ಅಂದಳು. ಆಮೇಲೆ ನನಗೆ ಹೇಳಿದಳು: "ಟಾಯರಿನ ವಿಷಯಕ್ಕೆ ನಂಗೆ ಸಿಟ್ಟಿಲ್ಲ. ಎಲ್ಲರದೂ ಒಂದೊಂದು ಕೆಲಸ ಬಾಕಿ ಉಳೀತದೆ. ಆದ್ರೆ ನೀವು ಗಾಡಿ ನಿಲ್ಲಿಸಿಬಿಟ್ರಿ. ನನ್ನ ಕೇಳಿದ್ರಾ? ಬಸ್ಸಿನ ಮೆಟ್ಲು ಎಷ್ಟು ಎತ್ತರ ಅದೆ ಅಂತ ನಿಮಗೆ ಗೊತ್ತದ್ಯಾ? ಈ ಕಾಲಿಟ್ಕಂಡು ಹತ್ತೂಕೆ ಹೋದ್ರೆ ಕಂಡಕ್ಟರು ಬೇಗ ಬೇಗ ಅಂತಾನೆ, ಹಿಂದಿದ್ದವರು ದೂಡ್ತಾರೆ. ಎರಡು ಸಲ ಹೋದೆ, ಮತ್ತೆ ಬಿಟ್ಟೆ. ಅಕ್ಕನ ಮನೆಗೆ ಹೋಗದೆ ನಾಕು ವರ್ಷ ಆಯ್ತು. ಕಿನ್ನರಕ್ಕೆ ಯಾರಾದ್ರೂ ತೀರ್ಕಂಡ್ರೆ ಮಾತ್ರ, ಅದೂ ಯಾರದೋ ಕಾರಲ್ಲಿ. ಕಾಲು ಮುರಿದದ್ದು ನಂದು. ಶಿಕ್ಷೆ ತಕಂಡದ್ದು ನೀವು. ಅನುಭವಿಸಿದ್ದು ಮತ್ತೆ ನಾನೇ."

ಇಂಥ ಹೊತ್ತಿನಲ್ಲಿ ಗಂಡಸು ಏನು ಹೇಳಬೇಕೋ ಅದನ್ನು ನಾನು ಹೇಳಲಿಲ್ಲ. "ಚಾ ತಣ್ಣಗಾಗ್ತದೆ," ಅಂದೆ. ದಾಮು ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡ. ತಣ್ಣಗಾಗಿರಲಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಹೋದೆ. ಅವಳು ಕಟ್ಟೆಗೆ ಒರಗಿ ನಿಂತು ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳ ಬೆನ್ನಿಗೇ ಹೇಳಿದೆ. "ನಂದೇ ತಪ್ಪು. ಪಂಕ್ಚರಿನವ ಹೇಳಿದ್ದ, ಬದಲ್ಸಿ ಅಂತ. ನಾನು ಬದಲಿಸ್ಲಿಲ್ಲ. ಬರೀ ಉದಾಸೀನ." ಒಂಬತ್ತು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬಂದು ನೋಡಿದರೆ ಎಷ್ಟು ಚಿಕ್ಕದಿತ್ತು. ಅವಳು ಹೂಂ ಅಂದಳು. ಆಮೇಲೆ, "ಒಂದು ಕಾಯಿ ಹೆರ್ದು ಕೊಡಿ," ಅಂದಳು. ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆದೆ. ಕಣ್ಣು ಮಂಜಾಗಿ ಕರಟವೂ ಸ್ವಲ್ಪ ಹೆರೆದುಹೋಯಿತು. ಅವತ್ತಿನ ಹುಳಿಯಲ್ಲಿ ಕಂಡ ಕರಿ ಚೂರುಗಳನ್ನು ಅವಳು ಬಟ್ಟಲಿನ ಅಂಚಿಗೆ ಸರಿಸಿ ಉಂಡಳು.

ಹೊಸ ಟಾಯರು ಎರಡೂ ಚಕ್ರಕ್ಕೆ ಬಂತು. ಟ್ಯಾಂಕಿನೊಳಗೆ ಡೀಸೆಲ್ಲು, ಒಂದು ಹಿಡಿ ಸಣ್ಣ ಕಲ್ಲು ಹಾಕಿ ನಾವಿಬ್ಬರೂ ಸರದಿಯ ಮೇಲೆ ಕುಲುಕಿದೆವು, ತುಕ್ಕು ಕೆಂಪು ನೀರಾಗಿ ಹೊರಗೆ ಬಂತು. ಕಾರ್ಬೊರೇಟರನ್ನು ದಾಮು ಮನೆಗೆ ಒಯ್ದು, ಒಂದೊಂದು ತೂತನ್ನೂ ಹಲ್ಲುಜ್ಜುವ ಬ್ರಶ್ಶು, ತಂತಿಯ ಎಳೆ ಹಾಕಿ ತೆರೆದು ತಂದ. ಬ್ರೇಕಿನ ಶೂ, ಕ್ಲಚ್ಚಿನ ವಯರು, ಪೆಟ್ರೋಲಿನ ರಬ್ಬರ್ ಪೈಪು ಎಲ್ಲ ಹೊಸದು. ಜುಲೈ ಮುಗಿಯುವ ಹೊತ್ತಿಗೆ ಹೇಳುವಂಥ ಹಳೆಯ ಸಾಮಾನು ಅದರಲ್ಲಿ ಉಳಿದದ್ದು ಇಂಜಿನ್ನು ಮತ್ತು ನಂಬರು.

ಅವತ್ತು ಮಳೆಯಿರಲಿಲ್ಲ. ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದೆವು. ನಾನು ಕಿಕ್ಕು ಹೊಡೆದೆ. ಹತ್ತು ಹೊಡೆದೆ, ಇಪ್ಪತ್ತು ಹೊಡೆದೆ. ಅದು ಉಸಿರೂ ಬಿಡಲಿಲ್ಲ, ನನ್ನ ಉಸಿರು ಮಾತ್ರ ಮೇಲೆ ಬಂತು. ದಾಮು ಪ್ಲಗ್ಗು ತೆಗೆದು ಒರೆಸಿ ಹಾಕಿದ. ಮತ್ತೆ ಹೊಡೆದೆ. ಮೊಣಕಾಲು ಬೇಡ ಬೇಡ ಅನ್ನುತ್ತಿತ್ತು. ಕೂತೆ, ನೀರು ಕುಡಿದೆ, ಎದ್ದೆ. "ಚೋಕು ಎಳೆದೇ ಇಡಿ. ಈಗ," ಅಂದ ದಾಮು. ಹೊಡೆದೆ. ಒಂದು ಕೆಮ್ಮು. ಇನ್ನೊಮ್ಮೆ ಹೊಡೆದೆ. ಎರಡು ಕೆಮ್ಮು, ಬಿಳಿಯ ಹೊಗೆ, ಮತ್ತೆ ನಿಂತಿತು. ಆಮೇಲೆ ಎಷ್ಟನೆಯದೋ ಕಿಕ್ಕಿಗೆ ಅದು ಗಡಗಡ ಅಂದು ಹಿಡಿದುಕೊಂಡಿತು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂದುಕೊಂಡು ಕಾದೆ. ನಿಲ್ಲಲಿಲ್ಲ. ಹೊಗೆ ಇಡೀ ಅಂಗಳ ತುಂಬಿ ತುಳಸಿಕಟ್ಟೆ ಕಾಣದಾಯಿತು.

ನನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆದದ್ದು ಸುಸ್ತು. ಮೆಟ್ಟಿಲ ಮೇಲೆ ಕುಸಿದು ಕೂತೆ. ದಾಮು ಮಾತ್ರ ತಲೆ ಓರೆ ಮಾಡಿ ಇಂಜಿನ್ನಿನ ಸದ್ದು ಕೇಳುತ್ತಲೇ ಇದ್ದ. ಹಿತ್ತಿಲಿನಿಂದ ಸುತ್ತಿ ಬಂದ ಸುಮನ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು ನೋಡಿದಳು.

"ನಿಲ್ಲಿಸಿ ಸಾಕು. ಒಣಹಾಕಿದ ಬಟ್ಟೆಗೆಲ್ಲ ಹೊಗೆ ಹಿಡೀತು," ಅಂದಳು.

ಆಮೇಲಿನ ಎರಡು ತಿಂಗಳು ಕಾಗದಪತ್ರದಲ್ಲಿ ಹೋಯಿತು. ನೋಂದಣಿ, ವಿಮೆ, ಹೊಗೆಯ ಸರ್ಟಿಫಿಕೇಟು, ನನ್ನ ಲೈಸೆನ್ಸು. ಎಲ್ಲವೂ ನನ್ನ ಹಾಗೆ ಅವಧಿ ಮುಗಿದವು. ನಡುವೆ ದಿನಾ ಬೆಳಿಗ್ಗೆ ಒಬ್ಬನೇ ಊರೊಳಗಿನ ರಸ್ತೆಯಲ್ಲಿ ಅರ್ಧ ಮೈಲು ಹೋಗಿ ಬರುತ್ತಿದ್ದೆ. ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದವು, ನನ್ನ ವೇಗ ನೋಡಿ ಬೇಸರವಾಗಿ ನಡುದಾರಿಯಲ್ಲೇ ಬಿಡುತ್ತಿದ್ದವು. ದಾಮು ಬೇಲೆಕೇರಿಯ ಕೆಲಸ ಶುರುವಾಗುವ ಮೊದಲು, ಯಾರೂ ಹೇಳದೆ, ಹಿಂದೆ ಎಡಬದಿಗೆ ಕಾಲಿಡಲು ಅಗಲವಾದ ಒಂದು ಕಬ್ಬಿಣದ ಹಲಗೆ ಕೂರಿಸಿಕೊಟ್ಟಿದ್ದ. ಮಾಮೂಲಿಗಿಂತ ಒಂದು ಗೇಣು ಕೆಳಗೆ. "ವೈನಿಯ ಕಾಲು ಮಡಚೂದಿಲ್ಲಲ್ಲ," ಅಂದಿದ್ದ.

ಅಕ್ಟೋಬರಿನ ಒಂದು ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ನಾನು ಗಾಡಿ ಒರೆಸುತ್ತ, ಮುಖ ಎತ್ತದೆ ಕೇಳಿದೆ. "ಅಗಸೂರಿಗೆ ಹೋಗುವಾ?"

"ಸೀರೆ ಉಟ್ಟಾಯ್ತು," ಅಂದಳು.

ನೋಡಿದರೆ ಹೌದು, ಉಟ್ಟಾಗಿತ್ತು. ಜಗುಲಿಯ ಮೆಟ್ಟಿಲಿಗೆ ಗಾಡಿ ಹಚ್ಚಿ ನಿಲ್ಲಿಸಿದೆ. ಅವಳು ನನ್ನ ಹೆಗಲು ಹಿಡಿದು, ಹಲಗೆಯ ಮೇಲೆ ಕಾಲಿಟ್ಟು, ಒಂದು ಬದಿಗೆ ಕೂತಳು. ಗಾಡಿ ಕೆಳಗೆ ಇಳಿಯಿತು. ಆ ಭಾರ ನನ್ನ ಬೆನ್ನಿಗೆ ನೆನಪಿತ್ತು. ನನಗೆ ನೆನಪಿರಲಿಲ್ಲ.

ಆಮದಳ್ಳಿಯಲ್ಲಿ ಹೆದ್ದಾರಿ ಸೇರಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಲಾರಿಗಳು ಗಾಳಿ ಎತ್ತಿ ದಾಟಿ ಹೋಗುತ್ತಿದ್ದವು. ಮೀನಿನ ಬುಟ್ಟಿ ಕಟ್ಟಿಕೊಂಡ ಸ್ಕೂಟರುಗಳು ದಾಟಿದವು. ನಾನು ರಸ್ತೆಯ ತೀರ ಅಂಚಿನಲ್ಲಿ, ಬಿಳಿಯ ಗೆರೆಯ ಮೇಲೆ, ಹಗ್ಗದ ಮೇಲೆ ನಡೆಯುವವನ ಹಾಗೆ ಹೋಗುತ್ತಿದ್ದೆ.

"ಬಿದ್ದವಳು ನಾನು," ಹಿಂದಿನಿಂದ ಕಿವಿಯ ಹತ್ತಿರ ಬಂದು ಅಂದಳು. "ಹೆದರಬೇಕಾದವಳು ನಾನು. ನೀವು ಎಂತಕೆ ಹೆದರೂದು?"

ಅವರ್ಸಾ ಹತ್ತಿರ ಬಂತು. ಬಸ್ಸಿನಲ್ಲಾದರೆ ಕಣ್ಣು ಮುಚ್ಚಬಹುದು. ಹ್ಯಾಂಡಲ್ಲು ಹಿಡಿದವನು ಏನು ಮಾಡುವುದು? ಬೇಗ ದಾಟಿಬಿಡೋಣವೆಂದು ಸ್ವಲ್ಪ ಜೋರು ಮಾಡಿದೆ. ಅವಳು ಹೆಗಲು ತಟ್ಟಿದಳು. "ನಿಲ್ಲಿಸಿ."

ನಿಲ್ಲಿಸಿದೆ. ಅವಳು ಇಳಿದು, ಮೋರಿಯ ಕಟ್ಟೆ ಹಿಡಿದು ನಿಂತು ಆಚೀಚೆ ನೋಡಿದಳು. ಹಿಂದಿನ ರಸ್ತೆ ಈಗಿಲ್ಲ. ನಾಲ್ಕು ಪಥ, ನಡುವೆ ಉದ್ದಕ್ಕೆ ಕಣಗಿಲೆ ಗಿಡ, ಆಚೆ ಬದಿಗೆ ನಾವು ಮರಳಿ ಬರುವ ದಾರಿ.

"ಅಲ್ಲೇ, ಆ ಬಿಳಿ ಮನೆ ಎದುರಿಗೆ," ಅಂದೆ. ಏಳು ವರ್ಷ ಕಣ್ಣು ಮುಚ್ಚಿಕೊಂಡ ಜಾಗ ನನಗೆ ಗೊತ್ತಿರದೆ ಮತ್ತಾರಿಗೆ?

"ಅಲ್ಲಲ್ಲ. ಇನ್ನೂ ಮುಂದೆ. ಅಲ್ಲೊಂದು ಮಾವಿನಮರ ಇತ್ತು. ನಾನು ಮಲಕ್ಕಂಡು ನೋಡಿದ್ದೇ ಅದನ್ನ."

"ಮಾವಿನಮರ ಇರ್ಲಿಲ್ಲ."

"ನೀವು ನೋಡಲಿಲ್ಲ. ನೀವು ಬೊಬ್ಬೆ ಹೊಡೀತಾ ರಸ್ತೆಯಲ್ಲಿ ಓಡ್ತಿದ್ರಿ. ಮೇಲೆ ನೋಡ್ತಿದ್ದವಳು ನಾನು."

ಮರ ಈಗ ಅಲ್ಲಿಲ್ಲ, ರಸ್ತೆಗೆ ಹೋಗಿರಬೇಕು. ಬಿಳಿ ಮನೆಯೂ ಆಗ ಇತ್ತೇ ಎಂದು ಯೋಚಿಸಿದರೆ ನನಗೇ ಖಾತ್ರಿಯಿಲ್ಲ. ಇಷ್ಟು ವರ್ಷ ನಾನು ಬೇರೆ ಯಾವುದೋ ಜಾಗಕ್ಕೆ ಕಣ್ಣು ಮುಚ್ಚಿದ್ದೆ. ಬಿಸಿಲಲ್ಲಿ ನಿಂತು ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ಯಾರೂ ಸೋಲಲಿಲ್ಲ. ಕೊನೆಗೆ ಅವಳೇ, "ನಡೀರಿ, ಅಕ್ಕ ಕಾಯ್ತದೆ," ಅಂದಳು. ಗಾಡಿ ಹನ್ನೊಂದು ಕಿಕ್ಕು ತೆಗೆದುಕೊಂಡಿತು. ಅವಳು ಮೋರಿಯ ಕಟ್ಟೆಯ ಮೇಲೆ ಕೂತು, ಬೇರೆ ಯಾರದೋ ಗಂಡನನ್ನು ನೋಡುವ ಹಾಗೆ ನೋಡುತ್ತಿದ್ದಳು.

ಅಂಕೋಲೆ ದಾಟಿ ಹುಬ್ಬಳ್ಳಿ ರಸ್ತೆಗೆ ತಿರುಗಿದ ಮೇಲೆ ಅವಳು ಮಾತು ಶುರು ಮಾಡಿದಳು. ಏನೇನೋ. ಗದ್ದೆ ತೆನೆ ಬಂದದ್ದು, ಯಾರೋ ಮಹಡಿ ಏರಿಸಿದ್ದು, ಅಂಗನವಾಡಿಗೆ ತನ್ನ ನಂತರ ಬಂದ ಹೊಸ ಅಕ್ಕೋರ ವಿಷಯ. ಅರ್ಧ ಹೆಲ್ಮೆಟ್ಟಿಗೆ ಹೋಯಿತು. ಉಳಿದರ್ಧಕ್ಕೆ ಈ ಸಲ ಬರೀ ಹೂಂ ಅನ್ನಲಿಲ್ಲ, ಎರಡು ಕಡೆ ತಿರುಗಿ ಪ್ರಶ್ನೆ ಕೇಳಿದೆ. "ಮುಂದೆ ನೋಡಿ," ಅಂದಳು.

ಅಗಸೂರಿನ ಮನೆಯಂಗಳದಲ್ಲಿ ಶೀಲಕ್ಕ ಅಡಿಕೆ ಸಿಪ್ಪೆ ಗುಡಿಸುತ್ತಿದ್ದವಳು ಹಿಡಿಸೂಡಿ ಕೆಳಗೆ ಹಾಕಿದಳು. ಸುಮನ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಹೋದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಸ್ಟ್ಯಾಂಡು ಹಾಕಿ, ಹ್ಯಾಂಡಲ್ಲಿನಿಂದ ಬೆರಳು ಬಿಡಿಸಿಕೊಂಡೆ. ಒಂದೊಂದಾಗಿ ಬಿಡಿಸಬೇಕಾಯಿತು. ಶೀಲಕ್ಕನ ಗಂಡ ಗಣಪಣ್ಣ ಜಗುಲಿಯ ಮೇಲೆ ಚಾಪೆ ಹಾಸಿ, "ಚಾ ಮಾಡಿಸೂದಾ, ಮಜ್ಜಿಗೆಯಾ?" ಎಂದು ಕೇಳಿದರು. "ನೀರು ಸಾಕು. ಸ್ವಲ್ಪ ಅಡ್ಡಾಗ್ತೆ," ಅಂದೆ. ಮೈಯ ಒಂದೊಂದು ಗಂಟೂ ಬೇರೆ ಬೇರೆಯಾಗಿ ನೋಯುತ್ತಿತ್ತು.

ಒಳಗಿನಿಂದ ಸುಮನಳ ದನಿ ಕೇಳುತ್ತಿತ್ತು. ಗಟ್ಟಿಯಾಗಿಯೇ ಹೇಳುತ್ತಿದ್ದಳು, ಬಾಗಿಲು ತೆರೆದೇ ಇತ್ತು. "ಟಾಯರು ಬದಲ್ಸಿ ಅಂತ ಪಂಕ್ಚರಿನವ ಹೇಳಿದ್ದಂತೆ ಅಕ್ಕ. ಬದಲಿಸ್ಲಿಲ್ಲಂತೆ! ಎಂತಕೆ ಕೇಳಿದ್ರೆ ಉದಾಸೀನವಂತೆ! ಊರವರಿಗೆಲ್ಲ ಬುದ್ಧಿ ಹೇಳೂ ಮನುಷ್ಯ! ಆಮೇಲೆ ಒಂಬತ್ತು ವರ್ಷ ಬಾಯಿ ಹೊಲ್ಕಂಡು, ಬಸ್ಸಿನಲ್ಲಿ ತಿರುಗಿದ್ರು, ನನ್ನ ಮನೇಲಿ ಕೂರಿಸಿಟ್ಟು..." ಶೀಲಕ್ಕ ಮೊದಲು ಅಯ್ಯೋ ಅಂದಳು, ಆಮೇಲೆ ಅವಳೂ ಸೇರಿಕೊಂಡಳು. ಇಬ್ಬರೂ ಸರದಿಯ ಮೇಲೆ, ಉಸಿರು ತೆಗೆದುಕೊಳ್ಳಲು ಒಬ್ಬರಿಗೊಬ್ಬರು ಬಿಡುವು ಕೊಡುತ್ತ, ನನ್ನನ್ನು ಬೈಯತೊಡಗಿದರು. ನಡುವೆ ಒಮ್ಮೆ ಏನಕ್ಕೋ ಜೋರಾಗಿ ನಕ್ಕರು.

ಗಣಪಣ್ಣ ಸಂಕೋಚಪಟ್ಟುಕೊಂಡು ಬಾಗಿಲು ಮುಚ್ಚಲು ಎದ್ದರು. "ಬೇಡ, ಇರ್ಲಿ," ಅಂದೆ.

ಗೋಡೆಯ ಕಡೆ ತಿರುಗಿ ಮಲಗಿದೆ. ಒಳಗೆ ನನ್ನ ಹೆಂಡತಿ ಇನ್ನೂ ಬೈಯುತ್ತಲೇ ಇದ್ದಳು. ಕೇಳುತ್ತ ಕೇಳುತ್ತ ನನಗೆ ನಿದ್ದೆ ಬಂತು.